ಬೀಗ ಹಾಕಿದರೆ ಲೆಕ್ಕ ತೀರೀತೆ?

ಅಂಗಡಿ ತೆರೆಯುವುದಕ್ಕೆ ನಮ್ಮಲ್ಲಿ ಮುಹೂರ್ತವುಂಟು, ಮುಚ್ಚುವುದಕ್ಕೆ ಇಲ್ಲ. ತೆರೆಯುವ ದಿನ ಬಾಗಿಲಿಗೆ ಮಾವಿನ ತೋರಣ, ಲಕ್ಷ್ಮೀಪೂಜೆ, ಹೊಸ ಕಿರ್ದಿಯ ಮೊದಲ ಪುಟಕ್ಕೆ ಅರಿಸಿನ ಕುಂಕುಮ, ಬಂದವರಿಗೆಲ್ಲ ಪಾನಕ ಪನಿವಾರ. ಮುಚ್ಚುವ ದಿನ ಯಾರನ್ನೂ ಕರೆಯುವುದಿಲ್ಲ. ಒಂದು ಸಂಜೆ ಬೀಗ ಬೀಳುತ್ತದೆ. ನಾಲ್ಕಾರು ದಿನ ಕಳೆದ ಮೇಲೆ ‘ಅಂಗಡಿ ಎತ್ತಿದರಂತೆ’ ಎಂಬ ಮಾತು ಪೇಟೆಯಲ್ಲಿ ಹರಡುತ್ತದೆ.

ವರ್ತಕನು ಊರಿನವನೇ ಆದರೆ ಇದರಿಂದ ಹೇಳಿಕೊಳ್ಳುವಂಥ ಅನರ್ಥವೇನೂ ಆಗದು. ಅಂಗಡಿ ಹೋದರೂ ಅವನ ಮನೆ ಉಳಿದಿರುತ್ತದೆ. ಬಾಕಿ ಕೇಳುವವನಿಗೆ ತಟ್ಟಲು ಒಂದು ಬಾಗಿಲಿರುತ್ತದೆ. ಅವನೇ ಕಾಲವಾದರೂ ಮಕ್ಕಳಿದ್ದಾರೆ. ತಂದೆಯ ಸಾಲವನ್ನು ತೀರಿಸುವುದು ಮಗನ ಧರ್ಮವೆಂದು ನಮ್ಮ ಸ್ಮೃತಿಗಳು ವಿಧಿಸಿವೆ. ಹೊರನಾಡಿನಿಂದ ಬಂದ ಕುಂಪಣಿಯ ಸಂಗತಿ ಹೀಗಲ್ಲ. ಅದಕ್ಕೆ ಮನೆಯಿಲ್ಲ, ಮಕ್ಕಳಿಲ್ಲ, ಮಸಣವಿಲ್ಲ. ಕಾಗದದ ಮೇಲೆ ಹುಟ್ಟಿದ ಜೀವವದು. ತಾನಾಗಿ ಮುಪ್ಪಾಗಿ ಸಾಯುವ ಸ್ವಭಾವ ಅದಕ್ಕಿಲ್ಲವಾದುದರಿಂದ ಅದರ ಅಂತ್ಯವೂ ಕಾಗದದ ಮೇಲೆಯೇ ಆಗಬೇಕು. ಯಾರಾದರೊಬ್ಬರು ಕುಳಿತು, ಲೆಕ್ಕ ಮಾಡಿ, ಬರೆದು, ಸಹಿ ಹಾಕಿ, ‘ಇಲ್ಲಿಗೆ ಇದರ ವ್ಯವಹಾರ ಮುಗಿಯಿತು’ ಎಂದು ಸಾರಬೇಕು.

ಹೊರನಾಡ ಕುಂಪಣಿಯೊಂದು ಮತ್ತೊಂದು ಸೀಮೆಯಲ್ಲಿ ಪಡೆದ ನೋಂದಣಿಯನ್ನು ವಿಧಿಪೂರ್ವಕವಾಗಿ ಮುಗಿಸುವ ಈ ಕ್ರಿಯೆ ಮೇಲುನೋಟಕ್ಕೆ ಗುಮಾಸ್ತರ ಕೆಲಸವೆಂದು ತೋರುತ್ತದೆ. ಸಾಹಿತ್ಯದ ಪುಟದಲ್ಲಿ ಇದಕ್ಕೇನು ಸ್ಥಾನವೆಂದು ವಾಚಕರು ಕೇಳಬಹುದು. ಕುಮಟಾ, ಹೊನ್ನಾವರ, ಭಟ್ಕಳಗಳ ಕರಾವಳಿಯ ಚರಿತ್ರೆಯನ್ನು ತೆರೆದು ನೋಡಿದರೆ ಈ ಪ್ರಶ್ನೆ ಉಳಿಯುವುದಿಲ್ಲ. ಸುಮಾರು ನಾಲ್ಕು ಶತಮಾನಗಳಿಂದ ಹೊರಗಿನ ಕುಂಪಣಿಗಳು ಈ ದಂಡೆಗೆ ಬಂದಿವೆ, ಹೋಗಿವೆ. ಅವು ಬಂದ ರೀತಿಯನ್ನು ಚರಿತ್ರಕಾರರು ವಿಸ್ತಾರವಾಗಿ ಬರೆದಿದ್ದಾರೆ. ಹೋದ ರೀತಿಯ ಕಡೆಗೆ ನಮ್ಮ ಗಮನ ಹೋದುದು ಕಡಮೆ. ಆದರೆ ಅವು ನಮ್ಮೊಡನೆ ಹೇಗೆ ನಡೆದುಕೊಂಡವೆಂಬುದು ಹೋದ ರೀತಿಯಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಭಟ್ಕಳದ ಮೂರು ಗೋರಿಗಳು

ಕುಮಟೆಯಿಂದ ತೆಂಕಣಕ್ಕೆ ಹೊರಟು, ಹೊನ್ನಾವರವನ್ನು ಹಿಂದೆ ಹಾಕಿ, ಶರಾವತಿಯನ್ನು ದಾಟಿ ಮುಂದುವರಿದರೆ ಭಟ್ಕಳ ಸಿಕ್ಕುತ್ತದೆ. ಜಿಲ್ಲೆಯ ಹಳೆಯ ಗೆಜೆಟಿಯರು ಅಲ್ಲಿಯ ಮೂರು ಆಂಗ್ಲ ಗೋರಿಗಳ ಮಾತನ್ನು ಹೇಳುತ್ತದೆ. ಅವುಗಳ ಮೇಲಿನ ಇಸವಿ ೧೬೩೭ ಮತ್ತು ೧೬೩೮. ಮಲಗಿದವರಲ್ಲಿ ಇಬ್ಬರು ವರ್ತಕರು, ಒಬ್ಬ ಶಸ್ತ್ರವೈದ್ಯ. ಸೂರತ್ತಿನಲ್ಲಿ ನೆಲೆಯೂರಿದ್ದ ಹೆಸರಾಂತ ಈಸ್ಟ್ ಇಂಡಿಯಾ ಕುಂಪಣಿಯ ಆಳುಗಳಲ್ಲ ಅವರು; ಅದರ ಪ್ರತಿಸ್ಪರ್ಧಿಯ ಕಡೆಯವರು.

ಆ ಪ್ರತಿಸ್ಪರ್ಧಿಯ ಕಥೆ ಸ್ವಾರಸ್ಯವಾದುದು. ಪೂರ್ವದೇಶಗಳ ವ್ಯಾಪಾರದ ಏಕಸ್ವಾಮ್ಯವನ್ನು ಒಂದು ಕುಂಪಣಿಗೆ ಕೊಟ್ಟಿದ್ದ ಇಂಗ್ಲೆಂಡಿನ ಅರಸೊತ್ತಿಗೆಯೇ ೧೬೩೫ರಲ್ಲಿ ಆ ಮಾತನ್ನು ಸಡಿಲಿಸಿತು. ದೊರೆ ಮೊದಲನೆಯ ಚಾರ್ಲ್ಸನು ಸರ್ ವಿಲಿಯಂ ಕೋರ್ಟೀನ್ ಎಂಬ ಸಿರಿವಂತನಿಗೂ ಅವನ ಸಂಗಡಿಗರಿಗೂ ಪ್ರತ್ಯೇಕ ಸನ್ನದು ಕೊಟ್ಟನು. ಮರುವರ್ಷ ಜಾನ್ ವೆಡೆಲ್ ಎಂಬ ನಾವಿಕನ ನಾಯಕತ್ವದಲ್ಲಿ ಅವರ ಹಡಗುಗಳು ಹೊರಟವು. ಗೋವೆಗೆ ಬಂದು, ೧೬೩೭ರಲ್ಲಿ ಭಟ್ಕಳದ ಮುಂದೆ ಲಂಗರು ಹಾಕಿದವು. ಅವರಿಗೆ ಬೇಕಾಗಿದ್ದುದು ಘಟ್ಟದ ಕರಿಮೆಣಸು. ಅದರ ಒಡೆತನವಿದ್ದುದು ಇಕ್ಕೇರಿಯ ನಾಯಕರ ಸೀಮೆಯಲ್ಲಿ. ಆಂಗ್ಲರ ನಿಯೋಗವೊಂದು ಘಟ್ಟ ಹತ್ತಿ ವೀರಭದ್ರನಾಯಕನ ರಾಜಧಾನಿಗೆ ಹೋಗಿ ವಖಾರಿ ಇಡುವ ಅಪ್ಪಣೆ ಪಡೆಯಿತು. ಆ ಯಾನದಲ್ಲಿದ್ದ ಪೀಟರ್ ಮಂಡಿ ಎಂಬವನು ಬರೆದಿಟ್ಟ ವೃತ್ತಾಂತವನ್ನು ಇಂದಿಗೂ ಓದಬಹುದು. ವ್ಯಾಪಾರ ಮಾಡಬಯಸುವ ಹೊರಗಿನವನು ಮೊದಲು ಅರಮನೆಗೆ ಹೋಗಿ ಕಾಣಿಕೆಯಿಟ್ಟು ಅಪ್ಪಣೆ ಬೇಡಬೇಕು. ಇದು ಅಂದಿನ ನೋಂದಣಿ.

ಬರುವ ವಿಧಿ ಹೀಗೆ ಕ್ರಮಬದ್ಧವಾಗಿಯೇ ನಡೆಯಿತು. ಹೋದ ಬಗೆ? ಹಡಗುಗಳು ಇಂಗ್ಲೆಂಡ್ ಬಿಟ್ಟ ಕೆಲವೇ ವಾರಗಳಲ್ಲಿ ಹಿರಿಯ ಕೋರ್ಟೀನನು ತೀರಿಕೊಂಡನು. ಹೊಣೆ ಮಗನ ಹೆಗಲಿಗೆ ಬಿತ್ತು. ವೆಡೆಲನು ಚೀನಕ್ಕೂ ಹೋಗಿ ಬಂದು, ಸ್ವದೇಶಕ್ಕೆ ಮರಳುವ ದಾರಿಯಲ್ಲಿ ಹಡಗುಸಹಿತ ಕಾಣೆಯಾದನು. ಸಾಲದ ಮೇಲೆ ಸಾಲವೇರಿ ಮಗ ಕೋರ್ಟೀನನು ೧೬೪೩ರಲ್ಲಿ ಇಂಗ್ಲೆಂಡನ್ನೇ ಬಿಟ್ಟು ಓಡಿದನು. ಕೆಲವು ವರ್ಷಗಳ ತರುವಾಯ ಆ ಸಂಘದ ಅಳಿದುಳಿದ ವ್ಯವಹಾರವೆಲ್ಲ ಈಸ್ಟ್ ಇಂಡಿಯಾ ಕುಂಪಣಿಯ ಒಡಲನ್ನು ಸೇರಿತು. ಕೋರ್ಟೀನನಿಗೆ ಹಣ ಕೊಟ್ಟವರ ವ್ಯಾಜ್ಯಗಳು, ಡಚ್ಚರು ಹಿಡಿದ ಹಡಗುಗಳಿಗೆ ಪರಿಹಾರ ಕೇಳುವ ಅರ್ಜಿಗಳು ಮುಂದೆ ಹಲವು ದಶಕಗಳ ಕಾಲ ಲಂಡನ್ನಿನಲ್ಲಿ ನಡೆದವು. ಅಲ್ಲಿಯ ಸಾಲಿಗರಿಗೆ ನ್ಯಾಯಾಲಯವಿತ್ತು, ಪಾರ್ಲಿಮೆಂಟಿತ್ತು, ಬರೆಯಲು ಲೇಖಣಿಯಿತ್ತು. ಭಟ್ಕಳದ ದಂಡೆಯಲ್ಲಿ ಉಳಿದುದು ಕಲ್ಲು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕುಂಪಣಿಯ ಆಳುಗಳು ಸತ್ತರು. ಅವರಿಗೆ ಗೋರಿ, ಹೆಸರು, ತಾರೀಖು ಎಲ್ಲವೂ ದೊರೆತವು. ಕುಂಪಣಿಯೂ ಸತ್ತಿತು. ಆದರೆ ಅದು ಇಂಥ ದಿನ, ಇಂಥ ಲೆಕ್ಕವನ್ನು ತೀರಿಸಿ ಸತ್ತಿತೆಂದು ತಿಳಿಸುವ ಕಲ್ಲನ್ನು ಈ ಊರಿನಲ್ಲಿ ಯಾರೂ ನೆಡಲಿಲ್ಲ.

ಕುಮಟೆಯ ಹತ್ತಿ, ಮ್ಯಾಂಚೆಸ್ಟರಿನ ಯಂತ್ರ

ಎರಡನೆಯ ಕಥೆಗೆ ಇನ್ನೂರಕ್ಕೂ ಹೆಚ್ಚು ವರ್ಷ ಮುಂದೆ ಬರೋಣ. ಕುಮಟೆಯ ಹೆಸರು ಜಗತ್ತಿನ ಪೇಟೆಗಳಲ್ಲಿ ಮೊಳಗಿದ ಕಾಲವದು. ಕುಮಟೆಯ ಮಣ್ಣಿನಲ್ಲಿ ಹತ್ತಿ ಬೆಳೆಯುವುದಿಲ್ಲ. ಬೆಳೆಯುವುದು ಘಟ್ಟದ ಮೇಲಿನ ಧಾರವಾಡ, ಹುಬ್ಬಳ್ಳಿಗಳ ಎರೆನೆಲದಲ್ಲಿ. ಎತ್ತಿನ ಗಾಡಿಗಳಲ್ಲಿ ಅರಳೆಯ ಅಂಡಿಗೆಗಳು ಶಿರಸಿಗೆ ಬಂದು, ದೇವಿಮನೆಯ ಘಟ್ಟವನ್ನಿಳಿದು ಕುಮಟೆಯ ಬಂದರವನ್ನು ಸೇರುತ್ತಿದ್ದವು. ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ಲಿವರ್‌ಪೂಲಿಗೆ. ಹೀಗೆ ಬಂದರದ ಹೆಸರೇ ಬೆಳೆಗೂ ಅಂಟಿ, ಘಟ್ಟದ ಮೇಲಿನ ಆ ನಾಡಹತ್ತಿಗೆ ‘ಕುಮ್ಟಾ’ ಎಂಬ ಹೆಸರು ನಿಂತಿತು. ಅಮೆರಿಕದ ಅಂತರ್ಯುದ್ಧದಿಂದಾಗಿ ೧೮೬೧ರಿಂದ ೧೮೬೫ರ ವರೆಗೆ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ಕುಂದಿದಾಗ ಕುಮಟೆಯ ದಂಡೆಯಲ್ಲಿ ಹಣದ ಹೊಳೆ ಹರಿಯಿತು.

ಯುದ್ಧಕ್ಕೆ ಮೊದಲೇ ಮ್ಯಾಂಚೆಸ್ಟರಿನ ಗಿರಣಿಗಾರರಿಗೆ ಅಮೆರಿಕವೊಂದನ್ನೇ ನಂಬಿ ಕೂರುವುದು ಅಪಾಯವೆಂಬ ಅರಿವಾಗಿತ್ತು. ಆ ಅರಿವಿನಿಂದ ಹುಟ್ಟಿದುದು ೧೮೬೦ರ ಮ್ಯಾಂಚೆಸ್ಟರ್ ಕಾಟನ್ ಕುಂಪಣಿ. ಧಾರವಾಡದ ಹತ್ತಿಯನ್ನು ದಲಾಲರ ಕೈಗೆ ಬಿಡದೆ ನೇರವಾಗಿ ಕೊಂಡು, ಯಂತ್ರದಿಂದ ಒತ್ತಿ, ಹಡಗಿಗೇರಿಸುವುದು ಅದರ ಹಂಚಿಕೆ. ಕುಮಟೆಯದು ತೆರೆದ ಕಡಲು. ಮಳೆಗಾಲದಲ್ಲಿ ಹಡಗಿಗೆ ಆಸರೆಯಿಲ್ಲ. ಆದುದರಿಂದ ಅವರು ಉತ್ತರಕ್ಕಿರುವ ಕಾಳಿನದಿಯ ಮುಖವನ್ನು, ಕಾರವಾರದ ಎದುರಿನ ಸದಾಶಿವಗಡವನ್ನು ಆರಿಸಿಕೊಂಡರು. ಕುಂಪಣಿಯ ಕಾರ್ಯದರ್ಶಿ ಹೇವುಡ್ ಎಂಬವನು ತಾನೇ ಬಂದು ಧಾರವಾಡದ ಹತ್ತಿಯ ಸೀಮೆಯನ್ನು ಸುತ್ತಿ ನೋಡಿದನು. ಯಂತ್ರಗಳೂ ಹಡಗೇರಿದವು.

ಆದರೆ ದಾರಿ? ಹತ್ತಿ ಬೆಳೆಯುವ ಧಾರವಾಡವು ಮುಂಬಯಿ ಇಲಾಖೆಯದು. ಹಡಗು ನಿಲ್ಲುವ ಕಾರವಾರ, ಕುಮಟೆಗಳು ಮದರಾಸು ಇಲಾಖೆಯವು. ಘಟ್ಟದ ಮೇಲೆ ಒಂದು ಸರಕಾರ, ಕೆಳಗೆ ಇನ್ನೊಂದು. ಮೇಲಿನವರು ಕೆಳಗಿನವರತ್ತ, ಕೆಳಗಿನವರು ಮೇಲಿನವರತ್ತ ಕೈ ತೋರಿಸುತ್ತಿರಲು ಗಾಡಿಯ ರಸ್ತೆ ಅರ್ಧದಲ್ಲಿಯೇ ಉಳಿದಿತ್ತು. ಸರಕಿಳಿಸಲು ಕಟ್ಟೆಯೂ ಇರಲಿಲ್ಲವೆಂದು ಕುಂಪಣಿಯವರು ದೂರಿದರು. ಆ ದೂರು ಲಂಡನ್ನಿನ ಪಾರ್ಲಿಮೆಂಟಿನ ವರೆಗೂ ಹೋಯಿತು. ಅದರ ಫಲವಾಗಿ ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಹತ್ತಿಯ ದಾರಿಯೊಂದಕ್ಕಾಗಿ ಇಡಿಯ ಜಿಲ್ಲೆ ಪ್ರಾಂತವನ್ನೇ ಬದಲಿಸಿತೆನ್ನುವುದು ಸೋಜಿಗವೆನಿಸಿದರೂ ಸತ್ಯ. ಮುಂದೆ ಒಂದು ಶತಮಾನದ ಹತ್ತಿರ, ೧೯೫೬ರ ರಾಜ್ಯ ಪುನರ್ವಿಂಗಡಣೆಯ ವರೆಗೆ, ಕುಮಟೆಯವರು ಮುಂಬಯಿಯ ಪ್ರಜೆಗಳಾಗಿದ್ದುದರ ಮೂಲ ಇಲ್ಲಿದೆ.

ಇಷ್ಟೆಲ್ಲಕ್ಕೆ ಕಾರಣವಾದ ಆ ಕುಂಪಣಿ ಮಾತ್ರ ಬಾಳಲಿಲ್ಲ. ಹುಟ್ಟಿ ಐದು ವರ್ಷ ತುಂಬುವ ಮೊದಲೇ, ೧೮೬೪ರಲ್ಲಿ, ಅದು ಸಮಾಪನಕ್ಕೆ ಹೋಯಿತು. ಕುಮಟೆಯ ಅಡತಿಯವರೂ ಹಾಯಿಹಡಗಿನವರೂ ತಮ್ಮ ಹಳೆಯ ದಾರಿಯಲ್ಲಿಯೇ ಹತ್ತಿಯನ್ನು ಸಾಗಿಸುತ್ತಿದ್ದರು. ೧೮೮೦ರ ದಶಕದ ಕೊನೆಗೆ ಹುಬ್ಬಳ್ಳಿಯ ಕಡೆಯಿಂದ ಮರ್ಮಗೋವೆಯ ಬಂದರಕ್ಕೆ ಉಗಿಬಂಡಿ ಓಡತೊಡಗಿದ ಮೇಲೆ ಆ ಭಾಗ್ಯವೂ ಅವರನ್ನು ಬಿಟ್ಟುಹೋಯಿತು. ಆದರೆ ಅದು ಬೇರೆಯ ಕಥೆ.

ಮ್ಯಾಂಚೆಸ್ಟರಿನ ಕುಂಪಣಿಗೂ ಕೋರ್ಟೀನನ ಸಂಘಕ್ಕೂ ಇರುವ ಅಂತರವನ್ನು ಇಲ್ಲಿ ಹೇಳಬೇಕು. ಕೋರ್ಟೀನನು ಸೋತಾಗ ಅವನ ಮನೆತನವೇ ನೆಲ ಕಚ್ಚಿತು. ಮ್ಯಾಂಚೆಸ್ಟರಿನವರು ಪರಿಮಿತ ಹೊಣೆಯ ಹೊಸ ಯುಗದವರು. ಇಂಗ್ಲೆಂಡಿನಲ್ಲಿ ೧೮೫೫ರಿಂದ ಈಚೆಗೆ ಬಂದ ಕಾಯಿದೆಗಳು, ಪಾಲುದಾರನ ಹೊಣೆ ಅವನು ಕೊಂಡ ಪಾಲಿನ ಹಣಕ್ಕಿಂತ ಮುಂದೆ ಹೋಗದೆಂದು ಗೆರೆ ಎಳೆದಿದ್ದವು. ಉದ್ಯಮಕ್ಕೆ ಧೈರ್ಯ ತಂದುಕೊಟ್ಟ ಗೆರೆ ಇದು. ಇದಿಲ್ಲದೆ ರೈಲುಮಾರ್ಗಗಳಾಗಲಿ ಗಿರಣಿಗಳಾಗಲಿ ಇಷ್ಟು ಬೇಗ ಏಳುತ್ತಿರಲಿಲ್ಲ. ಆದರೆ ಪಾಲುದಾರನ ಮನೆಬಾಗಿಲನ್ನು ಸಾಲಿಗನಿಗೆ ಮುಚ್ಚಿದ ಮೇಲೆ ಅವನಿಗೆ ಉಳಿಯುವುದು ಕುಂಪಣಿಯ ಬಾಗಿಲೊಂದೇ. ಅದೂ ಸದ್ದಿಲ್ಲದೆ ಮುಚ್ಚಿದರೆ ಅವನು ಎಲ್ಲಿಗೆ ಹೋಗಬೇಕು? ಪರಿಮಿತ ಹೊಣೆಯ ತತ್ವವನ್ನು ಒಪ್ಪಿಕೊಂಡ ದಿನವೇ ವಿಧಿಪೂರ್ವಕವಾದ ಮುಕ್ತಾಯದ ಅಗತ್ಯವೂ ಹುಟ್ಟಿತು.

ಮಹಾಕುಂಪಣಿಯ ಕೊನೆ

ಲೆಕ್ಕ ಮುಗಿಸಿ, ಶಾಸನ ಮಾಡಿಸಿಕೊಂಡು, ದಿನ ಗೊತ್ತುಮಾಡಿ ಸತ್ತ ಕುಂಪಣಿಯೂ ಒಂದುಂಟು. ನಮ್ಮ ಲಾವಣಿಕಾರರು ಕುಂಪಣಿಯೆಂದರೆ ಅದೊಂದೇ ಎಂಬಂತೆ ಹಾಡಿದ ಈಸ್ಟ್ ಇಂಡಿಯಾ ಕುಂಪಣಿಯದು. ಶ್ರೀರಂಗಪಟ್ಟಣ ಬಿದ್ದ ೧೭೯೯ರಲ್ಲಿ ಕನ್ನಡ ಕರಾವಳಿ ಅದರ ಕೈಸೇರಿತು. ೧೮೫೮ರಲ್ಲಿ ರಾಜ್ಯಭಾರ ವಿಕ್ಟೋರಿಯಾ ರಾಣಿಯ ಹೆಸರಿಗೆ ಹೋದಾಗ ಕುಂಪಣಿ ಮುಗಿಯಿತೆಂದು ನಾವು ಶಾಲೆಯಲ್ಲಿ ಓದುತ್ತೇವೆ. ಅದು ಸರಿಯಲ್ಲ. ಆಳ್ವಿಕೆ ಹೋದರೂ ಕುಂಪಣಿ ಕಾಗದದ ಮೇಲೆ ಇನ್ನೂ ಹದಿನಾರು ವರ್ಷ ಬದುಕಿತ್ತು. ಅದನ್ನು ವಿಸರ್ಜಿಸುವ ಕಾಯಿದೆ ೧೮೭೩ರಲ್ಲಿ ಆಯಿತು. ಅದರಂತೆ ಅದು ಅಳಿದುದು ೧೮೭೪ರ ಜೂನ್ ೧ರಂದು.

ಇಷ್ಟು ಕಾಲ ಏಕೆ ಬದುಕಿತ್ತು? ಪಾಲುದಾರರ ಲೆಕ್ಕಕ್ಕಾಗಿ. ೧೮೩೩ರ ಸನ್ನದು ಕಾಯಿದೆ ಕುಂಪಣಿಯ ವ್ಯಾಪಾರವನ್ನು ನಿಲ್ಲಿಸಿದಾಗ, ಅದರ ೬೦ ಲಕ್ಷ ಪೌಂಡು ಬಂಡವಾಳಕ್ಕೆ ವರ್ಷಕ್ಕೆ ನೂರಕ್ಕೆ ಹತ್ತೂವರೆಯಂತೆ ಲಾಭಾಂಶ ಕೊಡುವುದೆಂದೂ, ನಾಲ್ವತ್ತು ವರ್ಷಗಳ ಮೇಲೆ ಪ್ರತಿ ನೂರು ಪೌಂಡಿಗೆ ಇನ್ನೂರರಂತೆ ಕೊಟ್ಟು ಪಾಲುಗಳನ್ನು ಬಿಡಿಸಿಕೊಳ್ಳಬಹುದೆಂದೂ ನಿಶ್ಚಯವಾಗಿತ್ತು. ಲಾಭಾಂಶದ ಹೊರೆ ವರ್ಷಕ್ಕೆ ೬ ಲಕ್ಷ ೩೦ ಸಾವಿರ ಪೌಂಡು. ಅದು ಬಿದ್ದುದು ಹಿಂದುಸ್ಥಾನದ ಕಂದಾಯದ ಮೇಲೆ. ಎಂದರೆ ಕುಮಟೆಯ ಗದ್ದೆಯ ರೈತನು ಕಟ್ಟಿದ ಭೂಕಂದಾಯದಲ್ಲಿಯೂ ಒಂದು ಕಾಳಿನಷ್ಟು ಪಾಲು, ವ್ಯಾಪಾರವನ್ನೇ ಮಾಡದ ಕುಂಪಣಿಯ ಲಾಭಾಂಶಕ್ಕೆ ಹೋಗುತ್ತಿತ್ತು.

ಮುಕ್ತಾಯ ಬಲು ಅಚ್ಚುಕಟ್ಟಾಯಿತು. ಅದರ ಅಚ್ಚುಕಟ್ಟುತನವೇ ನಮಗೆ ಪಾಠ. ಕ್ರಮವಾಗಿ ಲೆಕ್ಕ ಮುಗಿಸಿದ ಮಾತ್ರಕ್ಕೆ ನ್ಯಾಯವಾಗಿ ಮುಗಿಸಿದಂತಾಗಲಿಲ್ಲ. ಯಾರ ಲೆಕ್ಕವನ್ನು ತೀರಿಸಿದರು, ಯಾರ ಹಣದಿಂದ ತೀರಿಸಿದರು ಎಂಬ ಪ್ರಶ್ನೆಯನ್ನು ವಿಧಿಯ ಒಳಗೆ ತರದಿದ್ದರೆ ವಿಧಿಯು ಬಲವುಳ್ಳವನ ಆಯುಧವಾಗುತ್ತದೆ.

ಇದಕ್ಕೆ ಪ್ರತಿಯಾದ ಉದಾಹರಣೆ ಕರಾವಳಿಯ ತೆಂಕಣ ಭಾಗದಲ್ಲಿದೆ. ಬಾಸೆಲ್ ಮಿಶನ್ನಿನವರು ೧೮೫೯ರಲ್ಲಿ ವ್ಯಾಪಾರದ ಕುಂಪಣಿಯೊಂದನ್ನು ಕಟ್ಟಿದರು. ೧೮೬೫ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರಖಾನೆ ಎದ್ದಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನರ ಸಂಪರ್ಕವಿದ್ದ ಸಂಸ್ಥೆಯೆಂದು ಬ್ರಿಟಿಷ್ ಸರಕಾರ ಅದರ ಆಸ್ತಿಯನ್ನು ವಶಪಡಿಸಿಕೊಂಡಿತು. ಉದ್ಯಮವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಯ ಕೈಗೆ ಹೋಯಿತು. ಒಡೆಯರನ್ನು ಒತ್ತಾಯದಿಂದ ಹೊರಡಿಸಿದರೂ ಕಾರಖಾನೆಗಳನ್ನು ಮುಚ್ಚಲಿಲ್ಲ. ಕುಂಪಣಿಯ ಲೆಕ್ಕ ಬೇರೆ, ಅದನ್ನು ನಂಬಿದವರ ಅನ್ನ ಬೇರೆ ಎಂಬ ಸಣ್ಣ ವಿವೇಕವು ಯುದ್ಧದ ನಡುವೆಯೂ ಅಲ್ಲಿ ಉಳಿಯಿತು.

ಪರದೇಶಿ ಯಾರು?

ಈಗ ಕಾಯಿದೆಯ ಕಡೆಗೆ ತಿರುಗೋಣ. ಹೊರಗಿನ ಕುಂಪಣಿ ಎಂದರೆ ಯಾವುದು? ೧೯೧೩ರ ಕಾಯಿದೆಯ ೨೭೭ನೆಯ ಕಲಮು, ಬ್ರಿಟಿಷ್ ಇಂಡಿಯದ ಹೊರಗೆ ಹುಟ್ಟಿದ ಕುಂಪಣಿಗಳು ಇಲ್ಲಿ ವ್ಯವಹಾರದ ಸ್ಥಳ ಮಾಡಿಕೊಂಡರೆ ತಮ್ಮ ಮೂಲಪತ್ರವನ್ನೂ, ನಿರ್ದೇಶಕರ ಪಟ್ಟಿಯನ್ನೂ, ನೋಟೀಸು ಪಡೆಯಲು ಇಲ್ಲಿಯೇ ವಾಸಿಸುವ ಒಬ್ಬನ ಹೆಸರು ವಿಳಾಸವನ್ನೂ ರಿಜಿಸ್ಟ್ರಾರರಿಗೆ ಒಪ್ಪಿಸಬೇಕೆಂದು ವಿಧಿಸಿತು. ಮೈಸೂರು ಸಂಸ್ಥಾನವೂ ಬ್ರಿಟಿಷ್ ಇಂಡಿಯದ ಹೊರಗೇ ಇದ್ದಿತಷ್ಟೆ. ಹೀಗಾಗಿ ಬೆಂಗಳೂರಿನಲ್ಲಿ ಹುಟ್ಟಿದ ಕುಂಪಣಿ ಕುಮಟೆಯಲ್ಲಿ ಕಚೇರಿಯಿಟ್ಟರೆ, ಕಾಯಿದೆಯ ಕಣ್ಣಿಗೆ ಅದು ಲಂಡನ್ನಿನಿಂದ ಬಂದುದರಷ್ಟೇ ಪರದೇಶಿ. ಎರಡೂ ಕಡೆ ಕನ್ನಡವನ್ನೇ ಆಡುತ್ತಿದ್ದರೆಂಬುದನ್ನು ಕಾಯಿದೆ ಕೇಳುವಂತಿರಲಿಲ್ಲ.

ಕೆನಡಾದಲ್ಲಿ ಇಂದಿಗೂ ಈ ಬಗೆಯ ಏರ್ಪಾಡಿದೆ. ಅಲ್ಲಿಯ ಒಂದು ಪ್ರಾಂತದಲ್ಲಿ ಹುಟ್ಟಿದ ಕುಂಪಣಿ ಇನ್ನೊಂದರಲ್ಲಿ ವ್ಯವಹಾರ ನಡೆಸಬೇಕಾದರೆ ‘ಹೊರಪ್ರಾಂತದ ಕುಂಪಣಿ’ ಎಂದು ನೋಂದಾಯಿಸಿಕೊಳ್ಳಬೇಕಾಗುತ್ತದೆ; ಬಿಟ್ಟುಹೋಗುವಾಗ ಆ ನೋಂದಣಿಯನ್ನು ರದ್ದು ಮಾಡಿಸಿಕೊಳ್ಳಬೇಕು. ಸ್ವತಂತ್ರ ಭಾರತ ಬೇರೆ ದಾರಿ ಹಿಡಿಯಿತು. ವ್ಯಾಪಾರಿ ಕುಂಪಣಿಗಳ ಹುಟ್ಟು, ನಿಯಂತ್ರಣ, ಸಮಾಪನಗಳನ್ನು ಸಂವಿಧಾನವು ಕೇಂದ್ರದ ಪಟ್ಟಿಗೆ ಸೇರಿಸಿತು. ಆದುದರಿಂದ ಪುಣೆಯ ಕುಂಪಣಿಯಾಗಲಿ ಚೆನ್ನೈಯ ಕುಂಪಣಿಯಾಗಲಿ ಕುಂಪಣಿ ಕಾಯಿದೆಯ ಮಟ್ಟಿಗೆ ಕುಮಟೆಯಲ್ಲಿ ಪರಕೀಯವಲ್ಲ. ಆದರೂ ರಾಜ್ಯದ ಗಡಿ ಪೂರ್ತಿ ಅಳಿಸಿಹೋಗಿಲ್ಲ. ೨೦೧೭ರಲ್ಲಿ ಬಂದ ಸರಕು ಮತ್ತು ಸೇವಾ ತೆರಿಗೆಯ ನೋಂದಣಿ ರಾಜ್ಯ ರಾಜ್ಯಕ್ಕೂ ಪ್ರತ್ಯೇಕ. ಹೊರರಾಜ್ಯದ ಸಂಸ್ಥೆಯೊಂದು ಕರ್ನಾಟಕದ ವ್ಯವಹಾರವನ್ನು ನಿಲ್ಲಿಸಿದಾಗ ಇಲ್ಲಿಯ ನೋಂದಣಿಯನ್ನು ರದ್ದು ಮಾಡಿಸಿ, ಮೂರು ತಿಂಗಳೊಳಗೆ ಅಂತಿಮ ಲೆಕ್ಕಪತ್ರ ಸಲ್ಲಿಸಬೇಕು. ಆ ಕಾಯಿದೆಯಲ್ಲಿ ಒಂದು ಬಂಗಾರದಂಥ ಮಾತಿದೆ: ನೋಂದಣಿ ರದ್ದಾದ ಮಾತ್ರಕ್ಕೆ ಹಿಂದಿನ ಕಾಲದ ತೆರಿಗೆಯ ಹೊಣೆ ರದ್ದಾಗುವುದಿಲ್ಲ. ಬೀಗ ಹಾಕಿದರೆ ಲೆಕ್ಕ ತೀರೀತೆ ಎಂಬ ಪ್ರಶ್ನೆಗೆ ಸರಕಾರವು ತನ್ನ ಮಟ್ಟಿಗೆ ಉತ್ತರ ಬರೆದುಕೊಂಡಿದೆ.

ಮುಚ್ಚುವ ವಿಧಿ

ವಿದೇಶದ ಕುಂಪಣಿಗಳ ವಿಷಯದಲ್ಲಿ ಮೂರು ಬೇರೆ ಬೇರೆ ಕ್ರಿಯೆಗಳನ್ನು ನಾವು ಒಂದೆಂದು ತಿಳಿಯುತ್ತೇವೆ. ಇಲ್ಲಿಯ ವ್ಯಾಪಾರವನ್ನು ನಿಲ್ಲಿಸುವುದು ಒಂದು. ಇಲ್ಲಿಯ ನೋಂದಣಿಯನ್ನು ಮುಗಿಸುವುದು ಎರಡನೆಯದು. ಕುಂಪಣಿಯನ್ನೇ ವಿಸರ್ಜಿಸುವುದು ಮೂರನೆಯದು. ಮೊದಲನೆಯದಕ್ಕೆ ಬೀಗ ಸಾಕು. ಎರಡನೆಯದಕ್ಕೆ ಲೆಕ್ಕ ಬೇಕು. ಮೂರನೆಯದು ಅದು ಹುಟ್ಟಿದ ದೇಶದಲ್ಲಿ ಆಗುವ ಕೆಲಸ. ಇಲ್ಲಿಯ ಅಂಗಡಿ ಮುಚ್ಚಿದ ಕುಂಪಣಿ ತನ್ನ ನಾಡಿನಲ್ಲಿ ಸೊಂಪಾಗಿ ಬಾಳುತ್ತಿರಬಹುದು.

೧೯೫೬ರ ಕುಂಪಣಿ ಕಾಯಿದೆಯ ೫೯೭ನೆಯ ಕಲಮು, ಭಾರತದಲ್ಲಿ ವ್ಯವಹಾರಸ್ಥಳ ಇಲ್ಲವಾದೊಡನೆ ವಿದೇಶೀ ಕುಂಪಣಿ ರಿಜಿಸ್ಟ್ರಾರರಿಗೆ ಸೂಚನೆ ಕೊಡಬೇಕೆಂದಿತ್ತು. ಆ ಸೂಚನೆಯ ದಿನದವರೆಗೂ ಕಾಗದಪತ್ರ ಒಪ್ಪಿಸುವ ಹೊಣೆ ಅದರ ಮೇಲೆಯೇ. ಆ ಕಾಯಿದೆಯ ಸ್ಥಾನಕ್ಕೆ ೨೦೧೩ರ ಕಾಯಿದೆ ಬಂದಿದೆ. ಶಾಖೆಯನ್ನು ಮುಚ್ಚಿ ಉಳಿದ ಹಣವನ್ನು ಸ್ವದೇಶಕ್ಕೆ ಒಯ್ಯುವವರಿಗೆ ರಿಸರ್ವ್ ಬ್ಯಾಂಕಿನ ನಿಯಮಗಳು ಬೇರೆ ಇವೆ. ಒಯ್ಯುವ ಹಣದ ಮೊತ್ತ ಹೇಗೆ ಬಂತೆಂದು ಲೆಕ್ಕಪರಿಶೋಧಕನು ಬರೆದುಕೊಡಬೇಕು. ನೌಕರರಿಗೆ ಸಲ್ಲಬೇಕಾದ ಉಪದಾನ ಮೊದಲಾದುವುಗಳ ಬಾಕಿಯೂ ಸೇರಿದಂತೆ ಭಾರತದಲ್ಲಿಯ ಎಲ್ಲ ಹೊಣೆಗಳನ್ನು ತೀರಿಸಿದೆ, ಇಲ್ಲವೆ ತೀರಿಸಲು ತಕ್ಕ ಏರ್ಪಾಡು ಮಾಡಿದೆ ಎಂದು ದೃಢೀಕರಿಸಬೇಕು. ನ್ಯಾಯಾಲಯಗಳಲ್ಲಿ ವ್ಯಾಜ್ಯ ಬಾಕಿಯಿಲ್ಲವೆಂದು ಹೇಳಬೇಕು. ಇವೆಲ್ಲವೂ ಅಧಿಕೃತ ಬ್ಯಾಂಕಿನ ಮುಂದೆ ಬಂದ ಮೇಲೆಯೇ ಹಣ ಕಡಲು ದಾಟಬಲ್ಲುದು. ಭಟ್ಕಳದ ವಖಾರಿಯ ಕಾಲಕ್ಕೂ ಇಂದಿಗೂ ಇರುವ ಅಂತರವನ್ನು ಅಳೆಯಬೇಕಾದರೆ ಇದೊಂದು ನಿಯಮ ಸಾಕು. ಜವಾನನ ಉಪದಾನ ತೀರಿದ ಮೇಲೆ ಒಡೆಯನ ಲಾಭ ಹೊರಡಬೇಕು ಎಂಬುದು ಅದರ ಸಾರ.

ಹುಟ್ಟಿದ ದೇಶದಲ್ಲಿಯೇ ಸತ್ತುಹೋದ ಕುಂಪಣಿಯ ಗತಿಯೇನು? ೧೯೧೭ರ ಕ್ರಾಂತಿಯ ತರುವಾಯ ರಶಿಯದ ಬ್ಯಾಂಕುಗಳು ಅಲ್ಲಿ ಅಳಿದವು. ಅವುಗಳ ಲಂಡನ್ ಶಾಖೆಗಳಲ್ಲಿ ಹಣವೂ ಸಾಲವೂ ಹಾಗೆಯೇ ಉಳಿದವು. ಇಲ್ಲದ ಸಂಸ್ಥೆಯ ಮೇಲೆ ಯಾರು ದಾವೆ ಹೂಡಬಲ್ಲರು? ಇಂಗ್ಲೆಂಡಿನ ನ್ಯಾಯಾಲಯಗಳನ್ನು ಈ ಗಂಟು ಬಹಳ ವರ್ಷ ಕಾಡಿತು. ಅಂಥ ಅನುಭವದಿಂದ ಬಂದ ಪರಿಹಾರ ನಮ್ಮ ಕಾಯಿದೆಯಲ್ಲಿಯೂ ಇದೆ. ೧೯೫೬ರ ಕಾಯಿದೆಯಲ್ಲಿ ೫೮೪ನೆಯ ಕಲಮಾಗಿದ್ದ, ೨೦೧೩ರ ಕಾಯಿದೆಯಲ್ಲಿ ೩೭೬ನೆಯದಾದ ಆ ವಿಧಿಯ ತಾತ್ಪರ್ಯವಿದು: ಭಾರತದಲ್ಲಿ ವ್ಯವಹಾರ ಮಾಡಿ ನಿಲ್ಲಿಸಿದ ಹೊರದೇಶದ ಸಂಸ್ಥೆ, ತನ್ನ ನಾಡಿನ ಕಾನೂನಿನಂತೆ ಅಳಿದುಹೋಗಿದ್ದರೂ, ಇಲ್ಲಿ ಅದನ್ನು ಸಮಾಪನಕ್ಕೆ ತರಬಹುದು. ಸತ್ತವನನ್ನು ಮತ್ತೆ ಕರೆದು, ಲೆಕ್ಕ ಒಪ್ಪಿಸಿಕೊಂಡು, ಆ ಮೇಲೆ ಕಳುಹಿಸುವ ವಿಧಿ! ಪುರಾಣಗಳಲ್ಲಿ ಚಿತ್ರಗುಪ್ತನಿಗೆ ಮಾತ್ರ ಇದ್ದ ಅಧಿಕಾರವನ್ನು ಕಾಯಿದೆ ನ್ಯಾಯಪೀಠಕ್ಕೆ ಕೊಟ್ಟಿದೆ. ಕೋರ್ಟೀನನ ಕಾಲದ ಭಟ್ಕಳದ ಮೆಣಸಿನವನಿಗೆ ಇಂಥದೊಂದು ಆಸರೆ ಇರಲಿಲ್ಲ.

ಬಾಗಿಲ ಮೇಲಿನ ಕನ್ನಡ

ಕಾಯಿದೆ ಇಷ್ಟು ಮುಂದೆ ಬಂದಿರುವಲ್ಲಿ ಕೊರತೆ ಎಲ್ಲಿದೆ? ನನ್ನ ಮಟ್ಟಿಗೆ ಅದು ಭಾಷೆಯಲ್ಲಿದೆ. ೨೦೧೩ರ ಕಾಯಿದೆಯ ೩೮೨ನೆಯ ಕಲಮು ಬಲು ಚೆಲುವಾದುದು. ವಿದೇಶೀ ಕುಂಪಣಿ ತನ್ನ ಪ್ರತಿಯೊಂದು ಕಚೇರಿಯ ಹೊರಗೂ ತನ್ನ ಹೆಸರನ್ನೂ ತಾನು ಹುಟ್ಟಿದ ದೇಶವನ್ನೂ ಎದ್ದುಕಾಣುವಂತೆ ಬರೆಯಿಸಬೇಕು. ಇಂಗ್ಲಿಷಿನಲ್ಲಿ ಮಾತ್ರವಲ್ಲ, ಆ ಸ್ಥಳದಲ್ಲಿ ರೂಢಿಯಲ್ಲಿರುವ ಭಾಷೆಯ ಲಿಪಿಯಲ್ಲಿಯೂ ಬರೆಯಿಸಬೇಕು. ಪಾಲುದಾರರ ಹೊಣೆ ಪರಿಮಿತವಾಗಿದ್ದರೆ ಆ ಮಾತನ್ನೂ ಹಾಗೆಯೇ ಎರಡು ಲಿಪಿಗಳಲ್ಲಿ ಸಾರಬೇಕು. ಕುಮಟೆಯಲ್ಲಿ ಬಾಗಿಲು ತೆರೆಯುವ ವಿದೇಶೀ ಕುಂಪಣಿ ಹೀಗೆ ಕನ್ನಡದಲ್ಲಿ ತನ್ನ ಕುಲಗೋತ್ರ ಹೇಳಿಯೇ ಒಳಗೆ ಬರಬೇಕು. ನಾನು ಯಾರು, ಎಲ್ಲಿಯವನು, ಎಷ್ಟರ ಮಟ್ಟಿಗೆ ನಂಬಬಹುದಾದವನು ಎಂಬ ಮೂರು ಮಾತುಗಳನ್ನು ಬೀದಿಯಲ್ಲಿ ಹೋಗುವವನಿಗೆ ಅವನ ಲಿಪಿಯಲ್ಲಿ ತಿಳಿಸಬೇಕೆಂಬ ಈ ವಿಧಿಯನ್ನು ಬರೆದವರು ಮನುಷ್ಯರ ಮುಖ ನೋಡಿ ಬರೆದಿದ್ದಾರೆ.

ಹೋಗುವಾಗ? ಅದೇ ಗೋಡೆಯ ಮೇಲೆ, ಅದೇ ಲಿಪಿಯಲ್ಲಿ, ‘ಇಂಥ ದಿನದಿಂದ ಈ ಕಚೇರಿ ಇಲ್ಲ; ಬಾಕಿಯುಳ್ಳವರು ಇಂಥವರಲ್ಲಿ, ಇಂಥ ವಾಯಿದೆಯೊಳಗೆ ಕೇಳಿಕೊಳ್ಳಬೇಕು’ ಎಂದು ಬರೆಯಬೇಕೆಂದು ಆ ಕಲಮು ಹೇಳುವುದಿಲ್ಲ. ಕಾಗದಗಳೆಲ್ಲ ದಿಲ್ಲಿಯ ರಿಜಿಸ್ಟ್ರಾರರ ಕಡೆಗೆ ಹೋಗುತ್ತವೆ. ರಿಜಿಸ್ಟ್ರಾರರಿಗೆ ಗೊತ್ತಾಗುತ್ತದೆ, ಬ್ಯಾಂಕಿಗೆ ಗೊತ್ತಾಗುತ್ತದೆ, ತೆರಿಗೆಯವರಿಗೂ ಗೊತ್ತಾಗುತ್ತದೆ. ಗೋಡಂಬಿಯ ಮೂಟೆಯನ್ನು ಸಾಲಕ್ಕೆ ಕೊಟ್ಟವನಿಗೆ, ಲಾರಿಯ ಬಾಡಿಗೆ ಬರಬೇಕಾದವನಿಗೆ, ಕಚೇರಿಗೆ ದಿನವೂ ಚಹ ಒಯ್ದು ತಿಂಗಳ ಕೊನೆಗೆ ಹಣ ಎಣಿಸಿಕೊಳ್ಳುತ್ತಿದ್ದ ಹೋಟೆಲಿನವನಿಗೆ ಗೊತ್ತಾಗುವುದು ಬೀಗ ನೋಡಿದಾಗ. ದೊಡ್ಡ ಸಾಲಿಗನಿಗೆ ವಕೀಲನಿದ್ದಾನೆ. ಚಿಕ್ಕವನಿಗೆ ಆ ಗೋಡೆಯೊಂದೇ. ಹಕ್ಕು ಇದೆಯೆಂದು ತಿಳಿಯದವನ ಪಾಲಿಗೆ ಹಕ್ಕು ಇದ್ದೂ ಇಲ್ಲ.

ಇದಕ್ಕೆ ದೊಡ್ಡ ಶಾಸನವೇನೂ ಬೇಕಾಗಿಲ್ಲ. ಬರುವಾಗ ಕನ್ನಡದಲ್ಲಿ ಹೆಸರು ಬರೆಯಿಸಿದ ಹಲಗೆಯ ಕೆಳಗೆ ಹೋಗುವಾಗ ನಾಲ್ಕು ಸಾಲು ಬರೆಯಿಸಬೇಕೆಂಬ ಒಂದು ನಿಯಮ ಸಾಕು. ಅದನ್ನು ಊರಿನ ಪಂಚಾಯತಿ ಅಥವಾ ಪುರಸಭೆಯ ಸೂಚನಾಫಲಕದಲ್ಲಿಯೂ ಹಚ್ಚಬೇಕೆಂದರೆ ಇನ್ನೂ ಮೇಲು. ಹೊರರಾಜ್ಯದ ಸಂಸ್ಥೆಗಳಿಗೂ ಈ ಮಾತು ಸಲ್ಲುತ್ತದೆ. ಕಾಯಿದೆಯ ಕಣ್ಣಿಗೆ ಅವು ಪರಕೀಯವಲ್ಲವೆಂಬ ಕಾರಣದಿಂದಲೇ ಅವು ಸದ್ದಿಲ್ಲದೆ ಹೋಗುವುದು ಸುಲಭ.

ಹೊರಗಿನ ಕುಂಪಣಿಗಳು ಬರಬಾರದೆಂದು ಈ ಕರಾವಳಿ ಎಂದೂ ಹೇಳಿದುದಲ್ಲ. ಕಡಲಿಗೆ ಮುಖ ಮಾಡಿ ಕುಳಿತ ಊರುಗಳಿವು. ಬರುವ ಹಡಗನ್ನು ನಂಬಿಯೇ ಬಾಳಿದವು. ಹತ್ತಿ ಹೋಯಿತು, ಹಾಯಿಯೂ ಹೋಯಿತು; ೧೯೯೮ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ಮಾರ್ಗ ಈಗ ಕುಮಟೆಯನ್ನು ಮುಂಬಯಿಗೂ ಮಂಗಳೂರಿಗೂ ಹೆಣೆದಿದೆ. ಇನ್ನು ಮುಂದೆಯೂ ಹೊರಗಿನವರು ಬರುತ್ತಾರೆ, ಬರಲಿ. ವ್ಯಾಪಾರವೆಂದ ಮೇಲೆ ಸೋಲೂ ಉಂಟು, ಸೋತವನು ಹೋಗುವುದೂ ಸಹಜ. ಹೋಗುವ ಹಕ್ಕನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ನಮ್ಮಲ್ಲಿ ಮನೆಗೆ ಬಂದ ನೆಂಟನು ಹೊರಡುವಾಗ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾನೆ. ಲೆಕ್ಕ ತೀರಿಸಿ, ಹೇಳಿ, ಹೊರಟ ಕುಂಪಣಿಗೂ ಆ ಮಾತು ಆಡುವ ಯೋಗ್ಯತೆ ಬರುತ್ತದೆ. ಇನ್ನೊಮ್ಮೆ ಅದು ಬಂದರೆ ಕುಮಟೆಯ ಪೇಟೆ ಅದಕ್ಕೆ ಸಾಲ ಕೊಟ್ಟೀತು.